ಗುಬ್ಬಿಕೊಕ್ಕು

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಹೊಲಿಗೆ ಯಂತ್ರ ರಿಪೇರಿ ಮಾಡುವವರೊಬ್ಬರು ಮಗಳ ಜೊತೆ ಕೂತಿದ್ದರು. ಬಿಡಿಭಾಗಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕುವುದನ್ನು ಮಗಳೇ ಕಲಿಸಿದ್ದಳೆಂದು ಅವರ ಮಾತಿನಿಂದ ತಿಳಿಯಿತು.

“ಗುಬ್ಬಿಕೊಕ್ಕು ಅಂತ ಹುಡುಕಿದ್ರೆ ಬರೀ ಹಕ್ಕಿಗಳೇ ಬಂದ್ವು ಕಣಮ್ಮ.”

“ಆ ಪಾರ್ಟ್‌ಗೆ ಬೇರೆ ಹೆಸರಿರುತ್ತೆ ಅಪ್ಪ.”

“ಕೆಲಸ ಕಲಿಸಿದ ಮೇಷ್ಟ್ರು ಹೇಳಿಕೊಟ್ಟಿದ್ದು ಅದೊಂದೇ ಹೆಸರು. ಕೊನೆಗೆ ಹಳೇ ಮಿಶಿನ್ ಸಾಮಾನು ಮಾರೋ ಅಂಗಡಿ ಒಂದನ್ನ ಹುಡುಕಿ, ಗುಬ್ಬಿಕೊಕ್ಕು ಬೇಕು ಅಂತ ಇಮೇಲ್ ಹಾಕಿದೆ.”

“ಅವರಿಗೇನು ಅರ್ಥ ಆಗುತ್ತೆ?”

“ಉತ್ತರ ಬಂದಿದೆ, ಓದು.”

ಮಗಳು ಮೊಬೈಲ್ ತೆಗೆದುಕೊಂಡು ಮೆಲ್ಲಗೆ ಓದಿದಳು. “‘ಆ ಹೆಸರು ಹೇಳೋರು ನಮ್ಮ ಮೇಷ್ಟ್ರ ಶಿಷ್ಯರೇ ಇರಬೇಕು. ನಾನು ಕಿಟಕಿ ಪಕ್ಕ ಕೂರುತ್ತಿದ್ದ ಕುಳ್ಳ. ನೀನು ಯಾರೋ?’”

“ಅವನೂ ನಾನೂ ಒಂದೇ ತಟ್ಟೇಲಿ ಊಟ ಮಾಡ್ತಿದ್ವಿ. ನಲವತ್ತು ವರ್ಷ ಆಯ್ತು.”

“ನೀನು ಏನಂತ ಬರೆದೆ?”

“ನಾನು ಯಾರು ಅಂತಾನೂ ಹೇಳ್ಲಿಲ್ಲ. ನೀನು ತೋರಿಸಿದ್ಯಲ್ಲ, ಮೇಲ್ಗಡೆ ‘ವಿಷಯ’ ಅಂತ ಒಂದು ಜಾಗ, ಅದನ್ನಷ್ಟೇ ತುಂಬಿಸಿ ಕಳಿಸಿಬಿಟ್ಟೆ.”

“ಅಲ್ಲಿ ಏನು ಹಾಕಿದೆ?”

“‘ಮೇಷ್ಟ್ರು ಇದ್ದಾರಾ’ ಅಂತ.”

ಅಷ್ಟರಲ್ಲಿ ಅವರ ಬಸ್ಸು ಬಂತು. ಮಗಳು ಮೊಬೈಲನ್ನು ಅಪ್ಪನ ಜೇಬಿಗೆ ಹಾಕಿ, ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು.