ತಿಮ್ಮಿಯನ್ನು ಕೇಳಿದವರು

ಅಘನಾಶಿನಿಯ ದಡದ ಚಪ್ಪರದಲ್ಲಿ ನಾವು ಐದಾರು ಜನ ದೋಣಿಗೆ ಕಾಯುತ್ತಿದ್ದೆವು. ಸ್ವಾತಂತ್ರ್ಯ ಬಂದ ಮೇಲಿನ ಎರಡನೆಯ ಮಳೆಗಾಲ. ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಅಂಬಿಗ ಕುಪ್ಪ ದೋಣಿಯನ್ನು ಗೂಟಕ್ಕೆ ಬಿಗಿದು, "ಈ ಗಾಳೀಲಿ ಆಗೂದಿಲ್ಲ" ಎಂದು ನಮ್ಮೊಡನೆ ಬಂದು ಕೂತ. ಹೊತ್ತು ಹೋಗಲೆಂದು ಒಬ್ಬರು ದೆವ್ವದ ಮಾತೆತ್ತಿದರು, ಇನ್ನೊಬ್ಬರು ನಕ್ಕರು. ಮೂಲೆಯಲ್ಲಿ ಬಳಚು ಎಂಬ ಹೊಳೆಯ ಚಿಪ್ಪುಮೀನನ್ನು ಬಿಡಿಸುತ್ತಿದ್ದ ಮುದುಕಿ ಸುಕ್ರಿ ಮಾತ್ರ ನಗಲಿಲ್ಲ.

"ದೆವ್ವ ಅಂದ್ರೆ ಹೆದರಿಸ್ತದೆ ಅಂತ ಯಾರು ಹೇಳಿದ್ರು ನಿಮಗೆ? ನಾ ಕಂಡದ್ದು ಹೆದರಿಸ್ಲಿಲ್ಲ... ಒಂದು ಮಾತು ಕೇಳ್ತು, ಅಷ್ಟೇ.

"ಯುದ್ಧದ ಕಾಲ. ರಂಗೂನಿನ ಅಕ್ಕಿ ನಿಂತು, ರೇಶನ್ನಿನ ಹುಳ ಬಿದ್ದ ಜೋಳಕ್ಕೂ ಜನ ಕಿತ್ತಾಡ್ತಿದ್ರು. ಆಗ ನಮ್ಮ ಕೇರೀಲಿ ತಿಮ್ಮಿ ಅಂತ ಒಂದು ಕೂಸು. ಹದಿನಾಲ್ಕೋ ಹದಿನೈದೋ ವರ್ಷ. ಅಪ್ಪ ದುರ್ಗಪ್ಪ ಮಚವೆ ಹತ್ತಿ ಸಮುದ್ರಕ್ಕೆ ಹೋದವ ಬರ್ಲೇ ಇಲ್ಲ, ಅವ್ವಿ ಕಾಳಿ ಚಳಿಜ್ವರದಲ್ಲಿ ಹೋದ್ಳು. ಸೋದರಮಾವ ಲಿಂಗಪ್ಪನ ಮನೇಲಿ ಎಲ್ಲರೂ ಉಂಡ ಮೇಲೆ ಗಂಜಿತಿಳಿ ಕುಡಿದು ಮಲಗೂದು. ಆದ್ರೂ ನನ್ನ ಜೊತೆ ಬಳಚು ಹೆಕ್ಕೂಕೆ ಬಂದಾಗ ಮುರಿದ ಹಲ್ಲಿಗೆ ಕೈ ಅಡ್ಡ ಹಿಡಿದು ನಗ್ತಿತ್ತು, ನೋಡಿ...

"ಒಂದು ಬೇಸಿಗೇಲಿ ಊರಿಗೆ ಒಬ್ಬ ಹೆಂಗಸು ಬಂದ್ಳು. ಮಹಾಲಕ್ಷ್ಮೀಬಾಯಿ ಅಂದ್ಳು, ಹೆಸರು ನಿಜವೋ ಸುಳ್ಳೋ. ಬಿಳೀ ಸೀರೆ, ಕೊಂಕಣಿ ಬೆರೆತ ಮೆತ್ತನೆ ಮಾತು. ನನ್ನ ಜಗಲೀಲಿ ಕೂತು, ಬೊಂಬಾಯಿಯ ದೊಡ್ಡ ಮನೇಲಿ ಮಕ್ಕಳನ್ನ ನೋಡ್ಕೊಳ್ಳೂಕೆ ಹುಡುಗೀರು ಬೇಕು, ಎರಡು ಹೊತ್ತು ಅನ್ನ ಅಂದ್ಳು. ಮೊದಲು ನಮ್ಮ ಕೇರಿ ಅಣ್ಣಪ್ಪನ ಮಗಳು ಮಾದೇವಿಯನ್ನ ಕೇಳಿದ್ಲಂತೆ. ಅಣ್ಣಪ್ಪ ಬಾಗಿಲಿಗೆ ಅಡ್ಡ ನಿಂತು, 'ಯಾವ ಬೀದಿ? ಯಾರ ಮನೆ? ನಾನೇ ಬಿಟ್ಟು ಬರ್ತೆ' ಅಂದ. ಬಾಯಿ ಆ ಮನೆ ಕಡೆ ಮತ್ತೆ ತಲೆ ಹಾಕ್ಲಿಲ್ಲ. ನನ್ನ ಕೈ ಹಿಡಿದು ಕೇಳಿದ್ಳು: 'ಹಿಂದೆ ಮುಂದೆ ಯಾರೂ ಇಲ್ಲದ ಪಾಪದ ಕೂಸು ಇದ್ರೆ ಹೇಳಿ ಅಜ್ಜಿ, ಪುಣ್ಯ ಬರ್ತದೆ.'

"ನಾನೇ ಹೇಳ್ದೆ. ತಿಮ್ಮಿ ಇದ್ದಾಳೆ, ಅವಳನ್ನ ಕೇಳೂರು ಯಾರೂ ಇಲ್ಲ ಅಂತ... ಕರುಣೆಯಿಂದಲೇ ಹೇಳ್ದೆ, ದೇವರಾಣೆ. ಲಿಂಗಪ್ಪನಿಗೆ ಒಂದು ಚೀಲ ಅಕ್ಕಿ ಸಿಕ್ತು. ಕೂಸಿನ ತಲೆ ನಾನೇ ಬಾಚ್ದೆ. 'ಅಜ್ಜಿ, ಅಲ್ಲಿ ದಿನಾ ಅನ್ನವಾ?' ಅಂತು. 'ದಿನಾ ಮಗಾ' ಅಂದೆ.

"ಮರುವರ್ಷ ಶ್ರಾವಣ. ಹೀಗೇ ಮಳೆ, ನಡು ಮಧ್ಯಾಹ್ನ, ಇಳಿತದ ಹೊತ್ತು, ಹೊಳೇಲಿ ನೀರು ಇಳಿದಿತ್ತು. ಬಗ್ಗಿ ಬಳಚು ಹೆಕ್ಕುವಾಗ ತಲೆ ಎತ್ತಿದ್ರೆ ಮೊಣಕಾಲು ನೀರಲ್ಲಿ ತಿಮ್ಮಿ! ನಂಗೆ ಖುಷಿಯೋ ಖುಷಿ. 'ಯಾವಾಗ ಬಂದ್ಯೆ?' ಅಂದೆ. 'ಅಜ್ಜಿ, ನನ್ನ ಯಾರಾದ್ರೂ ಕೇಳಿದ್ರಾ?' ಅಂತು. ನಾನೊಬ್ಬ ಮಳ್ಳಿ, ನಕ್ಕೊಂಡು ಹೇಳ್ಬಿಟ್ಟೆ: 'ನಿನ್ನ ಯಾರು ಕೇಳ್ತಾರೆ ಮಾರಾಯ್ತಿ? ಆ ಬಾಯಿ ಒಬ್ಬಳು ಕೇಳಿದ್ದು, ಅಷ್ಟೇ.'

"ಆತು ಅನ್ನೂ ಹಾಗೆ ತಲೆ ಆಡಿಸ್ತು. ಆಗ ಕಂಡೆ... ಅಷ್ಟು ಮಳೆ ಸುರೀತಿದ್ರೂ ಅದರ ಕೂದಲು ಒದ್ದೆ ಆಗ್ಲಿಲ್ಲ. ತಿರುಗಿ ಆಳದ ಕಡೆ ನಡೀತು. ನೀರು ಅಲುಗಲಿಲ್ಲ.

"ಚೌತಿಗೆ ನಮ್ಮ ಕೇರಿ ಹುಡುಗ ಹರಿಹರ ರಜೆ ಮೇಲೆ ಊರಿಗೆ ಬಂದ. ಬೊಂಬಾಯಿ ಖಾನಾವಳೀಲಿ ಬಡಿಸೂ ಕೆಲಸ ಅವನಿಗೆ. ಹೊರಗಿಂದ ಬೀಗ ಹಾಕಿದ ಒಂದು ಮಾಳಿಗೇಲಿ ತಿಮ್ಮಿಯನ್ನ ಕಂಡಿದ್ನಂತೆ. ಮನೆಯಲ್ಲ ಅದು, ಹೆಣ್ಣುಗಳನ್ನ ಮಾರೂ ಜಾಗ. ಕೆಳಗೆ ಕನ್ನಡ ಮಾತು ಕೇಳಿದ್ರೆ ಸಾಕು, ಕಿಟಕಿಗೆ ಬಂದು, ಊರಲ್ಲಿ ನನ್ನ ಯಾರಾದ್ರೂ ಕೇಳಿದ್ರಾ ಅಂತಿತ್ತಂತೆ. ಆಷಾಢದಲ್ಲೇ ಜ್ವರ ಬಂದು ಸತ್ತಿತ್ತು. ಆಷಾಢದಲ್ಲಿ! ನಾ ಕಂಡದ್ದು ಶ್ರಾವಣದಲ್ಲಿ.

"ಲಿಂಗಪ್ಪನಿಗೆ ಹೇಳಿದ್ರೆ, 'ಬಾಯಿ ಮುಚ್ಚು, ನನ್ನ ಹೆಣ್ಮಕ್ಕಳ ಮದುವೆ ಆಗ್ಬೇಕು' ಅಂದ. ಆ ಬಾಯಿ ಧಾರೇಶ್ವರದಲ್ಲಿದ್ದಾಳೆ ಅಂತ ಕೇಳಿ ಓಡ್ದೆ. ಎರಡು ಕೂಸು ಕರ್ಕೊಂಡು ಆಗಲೇ ಹೋಗಾಗಿತ್ತು. ಒಬ್ಬಳು ವಿಧವೆಯ ಮಗಳು, ಒಬ್ಬಳಿಗೆ ಮಾತು ಬರ್ತಿರ್ಲಿಲ್ಲ. ಜನ ನನಗೇ ಬೈದ್ರು, ಅಷ್ಟು ಒಳ್ಳೆ ಹೆಂಗಸಿನ ಮೇಲೆ ಅಪವಾದ ಹಾಕ್ತೀಯಾ ಅಂತ."

ಸುಕ್ರಿ ಇನ್ನೊಂದು ಚಿಪ್ಪು ಬಿಡಿಸಿದಳು. ಮಳೆ ಸ್ವಲ್ಪ ಸಣ್ಣಗಾಗಿತ್ತು. "ಆಮೇಲೆ ಅದು ಬರಲಿಲ್ಲವಾ ಅಜ್ಜಿ?" ಎಂದು ನಾನು ಕೇಳಿದೆ.

"ಬರ್ದೆ ಎಲ್ಲಿ ಹೋಗ್ತದೆ? ನೀರು ಇಳಿದಾಗೆಲ್ಲ ಬರ್ತದೆ. 'ನಿನ್ನ ನಾ ಕೇಳ್ತೆ ಮಗಾ, ದಿನಾ ಕೇಳ್ತೆ' ಅಂತ ಹೇಳ್ತೆ ಅದಕ್ಕೆ. ಅದು ನಂಬೂದಿಲ್ಲ... ಆದ್ರೆ ಈ ವರ್ಷ ಅದೊಂದೇ ಬರೂದಲ್ಲ. ಮಾತಿಗೆ ಉತ್ತರ ಕೊಡೂ ಮುದುಕಿ ಒಬ್ಬಳಿದ್ದಾಳೆ ಅಂತ ಯಾರು ಹೇಳಿದ್ರೋ, ಅದರ ಹಿಂದೆ ಅಂಥವೇ ಬೇರೆ ಕೂಸುಗಳು ಸಾಲು ನಿಂತಿರ್ತವೆ. ಹೋದ ಸೋಮವಾರ ಹೊಸದೊಂದು ಬಂದಿತ್ತು, ತೀರಾ ಸಣ್ಣದು. ಯಾವ ಸೀಮೆ ಮಾತೋ, ನಂಗೆ ಒಂದಕ್ಷರ ತಿಳೀಲಿಲ್ಲ. ಆದ್ರೆ ಎಂತ ಕೇಳ್ತಿದೆ ಅಂತ ಗೊತ್ತಾತು... ಯಾವ ಊರಿಗೆ ಹೋಗಿ ಕೇಳ್ಲಿ ಹೇಳಿ, ಅದನ್ನ ಯಾರಾದ್ರೂ ಹುಡುಕ್ತಿದ್ದಾರಾ ಅಂತ?"