ತಕ್ಕಡಿಯಲ್ಲಿ ಕೂತ ಮಗು

ಪೂಜೆಗೆ ಬಂದ ತಾಯಂದಿರೇ, ಒಂದು ಕಥೆ ಕೇಳಿ. ಒಂದು ಊರು. ಆ ಊರಲ್ಲೊಬ್ಬ ಎಣ್ಣೆ ಮಿಲ್ಲಿನ ಯಜಮಾನ. ಮನೇಲಿ ಯಾವುದಕ್ಕೂ ಕಮ್ಮಿ ಇಲ್ಲ. ಆದರೆ ಮೊಮ್ಮಗ ತಿಂಗಳು ತುಂಬೋ ಮೊದಲೇ ಹುಟ್ಟಿಬಿಟ್ಟ, ಅಂಗೈಯಷ್ಟು ಮಗು. ಯಜಮಾನ ಆಸ್ಪತ್ರೆ ಬಾಗಿಲಲ್ಲೇ ದೇವರಿಗೆ ಕೈ ಮುಗಿದ. "ಅಪ್ಪಾ, ಇದೊಂದು ಉಳೀಲಿ. ಮೂರು ವರ್ಷ ತುಂಬಿದ ದಿನ ಬೆಲ್ಲದ ತುಲಾಭಾರ ಮಾಡಿಸ್ತೀನಿ."

ಮಗು ಉಳೀತು. ಅಷ್ಟು ಸಾಕಿತ್ತು ತಾನೆ? ಸಾಕಾಗಲಿಲ್ಲ ನೋಡಿ! ಬೀಗರ ಮನೆಯ ಇನ್ನೊಂದು ಮಗು ತಕ್ಕಡೀಲಿ ಕೂತಾಗ ಒಂದು ಬುಟ್ಟಿ ಬೆಲ್ಲವೂ ಹಿಡೀಲಿಲ್ಲ ಅಂತ ಜನ ಆಡಿಕೊಂಡಿದ್ದರು. ಅದು ಯಜಮಾನನ ತಲೇಲಿ ಕೂತುಬಿಟ್ಟಿತ್ತು. ತನ್ನ ಮೊಮ್ಮಗ ಕೂತರೆ ಊರೇ ಬಾಯಿ ಬಿಡಬೇಕು! ಶುರುವಾಯ್ತು. ಸಕ್ಕರೆ ಹಾಲು, ತುಪ್ಪದನ್ನ, ಬೇಕರಿ ಬಿಸ್ಕತ್ತು, ಅತ್ತರೆ ಮತ್ತೊಂದು ಬಿಸ್ಕತ್ತು. ಕೆಳಗೆ ಬಿಟ್ಟರೆ ಸವೆದುಹೋಗ್ತಾನೆ ಅಂತ ಆಳುಗಳ ಸೊಂಟದಿಂದ ಇಳಿಸೋಕೇ ಬಿಡ್ತಿರಲಿಲ್ಲ.

ಅಂಗನವಾಡಿ ಟೀಚರ್ ತೂಕದ ಚೀಟಿ ಹಿಡಿದು ಬಂದಳು. "ಯಜಮಾನ್ರೇ, ಮಗು ವಯಸ್ಸಿಗೆ ಮೀರಿ ತೂಗ್ತಿದೆ. ಉಪವಾಸ ಕೆಡವಿ ಅಂತಿಲ್ಲ. ರಾಗಿ ಮುದ್ದೆ, ಸೊಪ್ಪಿನ ಸಾರು, ಹೆಸರುಕಾಳು, ಮಜ್ಜಿಗೆ, ಒಂದು ಸೀಬೆಹಣ್ಣು. ಹೊತ್ತಿಗೆ ಸರಿಯಾಗಿ ಕೊಡಿ. ಆಡೋಕೆ ಬಿಡಿ."

"ನಮ್ಮನೆ ಮಗೂಗೆ ಕೂಲಿಯವರ ಊಟವೇನಮ್ಮ?" ಅಂದ ಯಜಮಾನ. ಸೊಸೆ ಮೆತ್ತಗೆ, "ಮಾವ, ಒಂದ್ಸಲ ಮಾಡಿ ನೋಡೋಣ" ಅಂದಳು. ಅವನು ಮುದ್ದೆಯ ತಟ್ಟೆಯನ್ನೇ ಆಚೆ ತಳ್ಳಿದ.

ಹರಕೆಯ ದಿನ ಬಂತು. ದೇವಸ್ಥಾನದಲ್ಲಿ ಮಗೂನ ತಕ್ಕಡೀಲಿ ಕೂರಿಸಿದರು. ಒಂದು ಬುಟ್ಟಿ ಬೆಲ್ಲ, ಎರಡು ಬುಟ್ಟಿ, ಮೂರನೇದನ್ನೂ ಸುರಿದರು. ಆಗ ಮಗು ಕೂತ ತಟ್ಟೆ ಮೇಲೆದ್ದಿತು. ಜನ ಚಪ್ಪಾಳೆ ಹೊಡೆದರು. ಯಜಮಾನನ ಎದೆ ಉಬ್ಬಿತು.

ಬೆಲ್ಲ ಹಂಚಿದರು. ಮಕ್ಕಳೆಲ್ಲ ಚೂರು ಬಾಯಿಗೆ ಹಾಕಿಕೊಂಡು ಅಂಗಳದ ತುಂಬ ಓಡಾಡಿದವು. ಮೊಮ್ಮಗನೂ ಅವರ ಹಿಂದೆ ಹೊರಟ. ಹತ್ತು ಹೆಜ್ಜೆ ಹೋದ, ಅಷ್ಟೆ. ಕಾಲು ಸೋತು ಕೂತುಬಿಟ್ಟ. ಏದುಸಿರು ಬಿಡ್ತಾ ಎರಡೂ ಕೈ ಚಾಚಿದ. "ತಾತಾ, ಎತ್ಕೋ."

ಯಜಮಾನ ಬಗ್ಗಿದ. ಎತ್ತೋಕೆ ಆಗಲಿಲ್ಲ. ಸೊಂಟ ಹಿಡಿದುಕೊಂಡಿತು. ಇನ್ನೊಮ್ಮೆ ಬಗ್ಗಿದ, ಆಗಲಿಲ್ಲ. ಅಂಗೈಲಿ ಹಿಡಿದಿದ್ದ ಮಗು ಕಣ್ರೀ ಅದು! ಮಗು ಚಾಚಿದ ಕೈ ಚಾಚಿದ ಹಾಗೇ ಅಳ್ತಿತ್ತು. ಯಜಮಾನನೂ ಅದರ ಪಕ್ಕ ನೆಲದ ಮೇಲೆ ಕೂತು ಅತ್ತ. ತಾನೇ ಮಾಡಿದ್ದು ಅಂತ ಅವನಿಗೆ ಗೊತ್ತಾಗಿತ್ತು.

ಆಮೇಲೆ ಮುದ್ದೆ, ಸೊಪ್ಪು ಎಲ್ಲಾ ಬಂತು. ಆದರೆ ಡಾಕ್ಟರು, ತೂಕ ಇಳಿಯೋದು ನಿಧಾನ, ವರ್ಷಗಳೇ ಬೇಕು ಅಂದರು. ಅಲ್ಲೀತನಕ ಆ ಮಗು ಜಗಲೀಲಿ ಕೂತು ಬೇರೆ ಮಕ್ಕಳ ಆಟ ನೋಡ್ತಾ ಇತ್ತು. ನನ್ನನ್ನೂ ಸೇರಿಸಿಕೊಳ್ಳಿ ಅಂತ ಕೇಳೋದನ್ನೂ ಬಿಟ್ಟಿತ್ತು.

ಯಾಕೆ ತಲೆ ತಗ್ಗಿಸ್ತೀರಿ? ನಾನು ಯಜಮಾನನ ಕಥೆ ಹೇಳಿದ್ದು. ನಿಮ್ಮ ಮನೇಲಿ ಯಾರಿದ್ದಾರೆ? ಮಗು ಅತ್ತರೆ ಬಿಸ್ಕತ್ತು ತುರುಕೋರು ಯಾರು? ದುಂಡಗಿದೆ ಅಂತ ದೃಷ್ಟಿ ತೆಗೆದು ಸುಮ್ಮನಾಗೋರು ಯಾರು? ನಾನೂ ಹೊರತಲ್ಲ. ಇದೇ ಕೈಯಿಂದ ಎಷ್ಟು ಮಕ್ಕಳ ಬಾಯಿಗೆ ಕಲ್ಲುಸಕ್ಕರೆ ಹಾಕಿದ್ದೀನಿ!

ನಾಳೆ ಬೆಳಗ್ಗೆ ಬಿಸ್ಕತ್ತಿನ ಡಬ್ಬಿ ಕೆಳಗಿಳಿಸಬೇಡಿ. ನೀವು ಉಣ್ಣೋ ಮುದ್ದೆ, ಸೊಪ್ಪು, ಕಾಳು ಮಕ್ಕಳಿಗೂ ಬಡಿಸಿ. ಸಾಕು ಅಂದರೆ ಸಾಕು, ಮತ್ತೆ ತುರುಕಬೇಡಿ. ಇವತ್ತಿನ ಪ್ರಸಾದದಲ್ಲಿ ಮಗುವಿಗೆ ಒಂದು ಚಿಟಿಕೆ ಕೊಡಿ. ಮತ್ತೆ, ಮನೆಗೆ ಹೋಗೋವಾಗ ಮಗೂನ ಎತ್ತಿಕೋಬೇಡಿ ತಾಯಿ. ಕೈ ಹಿಡಿದು ನಡೆಸಿಕೊಂಡು ಹೋಗಿ.