ಭಾವನ ಮರ ಕೊಯ್ಯೋ ಮೆಷಿನ್

ನಗುವವರು ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನನಗೆ ಕೋಪ ಬರುತ್ತದೆ. ಇದು ಯಾರೋ ಯಾರಿಗೋ ಹೇಳಿದ್ದಲ್ಲ, ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು.

ಆ ರಾತ್ರಿ ಅವನು ಹಾಳು ಬಾವಿಯ ಪಕ್ಕದ ದಾರಿಯಲ್ಲಿ ಗೋಣಿಚೀಲ ಹೊತ್ತುಕೊಂಡು ಮನೆಗೆ ಬರುತ್ತಿದ್ದ. ಚೀಲದೊಳಗೆ ಹಳೇ ಮೆಷಿನ್. ಹೆಜ್ಜೆ ಹಾಕಿದಾಗೆಲ್ಲ ಅದರ ಚೈನು ಕಿಣಿ ಕಿಣಿ ಅನ್ನುತ್ತಿತ್ತು. ಬಾವಿಯ ಹತ್ತಿರ ಹೆಗಲು ಬದಲಾಯಿಸಲು ನಿಂತ. ಚೈನು ನಿಲ್ಲಲಿಲ್ಲ... ಇನ್ನೊಂದು ಹೆಜ್ಜೆಯಷ್ಟು ಹೊತ್ತು ಕಿಣಿ ಕಿಣಿ ಅಂದು, ಆಮೇಲೆ ಸುಮ್ಮನಾಯಿತು.

ಅವನನ್ನು ಎಲ್ಲರೂ ಗರಗಸ ಅಂತಲೇ ಕರೆಯುತ್ತಿದ್ದರು. ಮರ ಕೊಯ್ಯುತ್ತಿದ್ದ ಅಂತಲ್ಲ, ಅವನ ಗೊರಕೆ ಹಾಗಿತ್ತು. ಮದುವೆಯಾಗಲಿಲ್ಲ. ತನ್ನವರು ಅಂತ ಇದ್ದವಳು ಬಾವಿಯಾಚೆ ಮನೆಯ ಅಕ್ಕ ಒಬ್ಬಳೇ. ಅಕ್ಕನ ಗಂಡ, ಅಂದರೆ ಭಾವ, ಇವನ ಕೆಲಸದ ಜೊತೆಗಾರ. ಇವನು ಮರ ಕೊಯ್ಯುವಾಗ ಭಾವ ಹಿಂದೆ ನಿಂತು ಇವನ ಭುಜದ ಮೇಲೆ ಕೈ ಇಟ್ಟಿರುತ್ತಿದ್ದರು. ಮೆಷಿನ್ನಿನ ಆ ಸದ್ದಿನಲ್ಲಿ ಕೂಗಿದರೆ ಯಾರಿಗೆ ಕೇಳಬೇಕು? ಒಂದು ಸಲ ತಟ್ಟಿದರೆ, ನಿಲ್ಲಿಸು. ಎರಡು ಸಲ ತಟ್ಟಿದರೆ... ಕೈಯಲ್ಲಿದ್ದದ್ದು ಬಿಟ್ಟು, ಆ ಕೈ ತಳ್ಳಿದ ಕಡೆಗೆ ಓಡು. ಯಾಕೆ ಏನು ಅಂತ ಕೇಳುವ ಹಾಗಿಲ್ಲ. ತಿರುಗಿ ನೋಡುವ ಹಾಗಂತೂ ಇಲ್ಲವೇ ಇಲ್ಲ. ತಲೆ ತಿರುಗಿದರೆ ಕೈಯೂ ತಿರುಗುತ್ತದೆ, ಓಡುತ್ತಿರುವ ಚೈನು ಸೀದಾ ತೊಡೆಗೆ ಬರುತ್ತದೆ.

ಆ ಭಾವ ಜ್ವರ ಬಂದು ಹೋಗಿಬಿಟ್ಟರು. ಆಮೇಲೆ ತಮ್ಮನ ಮುಖ ನೋಡಿದರೆ ಅಕ್ಕನಿಗೆ ಗಂಡನ ನೆನಪು, ಅಕ್ಕನ ಮುಖ ನೋಡಿದರೆ ಇವನಿಗೆ ಭಾವನ ನೆನಪು. ಜಗಳವಿಲ್ಲ, ಮುನಿಸಿಲ್ಲ... ಹೋಗಿಬರುವುದು ತಾನಾಗಿಯೇ ನಿಂತುಹೋಯಿತು. ಇವನು ಮರದ ಕೆಲಸ ಬಿಟ್ಟು ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಯಲು ಸೇರಿಕೊಂಡ. ದಿನವಿಡೀ ಒಂದು ಮಾತಿಲ್ಲ.

ಆ ಸಂಜೆ ಅಕ್ಕನೇ ಹೇಳಿಕಳಿಸಿದ್ದಳು. ಬಾಗಿಲಲ್ಲೇ ನಿಂತು ಚೀಲ ಕೊಟ್ಟಳು.

"ತಗೊಂಡು ಹೋಗೋ ಇದನ್ನ. ರಾತ್ರಿ ಹೊತ್ತು ಪೆಟ್ರೋಲ್ ವಾಸನೆ ಬರತ್ತೆ. ಅವರು ಈಗ ತಾನೇ ಕೆಲಸದಿಂದ ಬಂದ ಹಾಗೆ..."

"ಒಳಗೆ ಬರ್ಲಾ ಅಕ್ಕಾ?"

"ಇನ್ನೊಂದಿನ ಬಾ."

ಮನೆಯ ಹಿಂದಿನ ಕೋಣೆಯಲ್ಲಿ ಮೆಷಿನ್ ಬಿಚ್ಚಿ ಹರವಿದ. ಅದರ ಸ್ಥಿತಿ ದೇವರಿಗೇ ಪ್ರೀತಿ. ಎಳೆಯುವ ಹಗ್ಗ ಲಡ್ಡಾಗಿತ್ತು, ಚೈನು ತುಕ್ಕು ಹಿಡಿದಿತ್ತು, ಕಾರ್ಬುರೇಟರಿನಲ್ಲಿ ಹಳೇ ಪೆಟ್ರೋಲ್ ಗೋಂದಾಗಿ ಕೂತಿತ್ತು. ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ತೂತು ತಿಕ್ಕಿದ. ಹೊಸ ಹಗ್ಗ, ಹೊಸ ಪ್ಲಗ್ ಹಾಕಿದ. ಅರ ಹಿಡಿದು ಚೈನಿನ ಹಲ್ಲುಗಳನ್ನು ಮಸೆದ. ಕ್ರೀಚ್... ಕ್ರೀಚ್... "ಭಾವ, ಈ ಹಲ್ಲು ಪೂರ್ತಿ ಮೊಂಡಾಗಿದೆ ನೋಡಿ" ಅಂತ ಗೋಡೆಗೆ ಹೇಳುತ್ತಿದ್ದ. ಕೆಲಸ ಬೇಗ ಮುಗಿಯುವುದು ಅವನಿಗೆ ಬೇಕಿರಲಿಲ್ಲ. ಮುಗಿದರೆ ಮತ್ತೆ ಅದೇ ಖಾಲಿ ಸಂಜೆ ಅಲ್ಲವೇ?

ಆದರೂ ಒಂದು ರಾತ್ರಿ ಮುಗಿಯಿತು. ಹಗ್ಗ ಎಳೆದ. ಗುರ್ರ್... ಪುಸ್. ಮತ್ತೆ ಎಳೆದ. ಗುರ್ರ್... ಪುಸ್. ಕಾಲಿನಿಂದ ಒತ್ತಿ ಹಿಡಿದು ಜಗ್ಗಿದ... ಡರ್ರ್ರ್ರ್! ನೀಲಿ ಹೊಗೆ ಬಂತು. ಮೂಲೆಯ ಹಳೇ ದಿಮ್ಮಿಗೆ ಚೈನು ಇಟ್ಟ. ಮರದ ಪುಡಿ ಪಾದದ ಮೇಲೆ ಬೀಳತೊಡಗಿತು.

ಆಗ... ಭುಜದ ಮೇಲೆ ಒಂದು ಕೈ ಬಂದು ಕೂತಿತು.

ಭಾರವಿತ್ತು. ಬೆಚ್ಚಗಿತ್ತು. ಮೆಷಿನ್ ಆರಿಸಿ ತಿರುಗಿದ. ಗೋಡೆ. ಮೊಳೆಗೆ ನೇತುಹಾಕಿದ ಅಂಗಿ. ಅಷ್ಟೇ. ನೀವಾದರೆ, ನಾನಾದರೆ, ಅಲ್ಲಿಂದ ಕಾಲಿಗೆ ಬುದ್ಧಿ ಹೇಳುತ್ತಿದ್ದೆವು. ಇವನು ಏನು ಮಾಡಿದ ಗೊತ್ತೇ? ಮತ್ತೆ ಹಗ್ಗ ಎಳೆದ. ಕೈ ಮತ್ತೆ ಬಂತು. ನಿಂತಲ್ಲೇ ಅತ್ತುಬಿಟ್ಟ. ಭಾವ ಹೋದ ಮೇಲೆ ಅವನನ್ನು ಯಾರೂ ಮುಟ್ಟಿರಲಿಲ್ಲ.

ಆಮೇಲೆ ದಿನಾ ಇದೇ. ಗ್ಯಾಸಿನ ಮೇಲೆ ಅಡುಗೆ ಮಾಡಿಕೊಳ್ಳುವವನ ಮನೆಯಲ್ಲಿ ಸೂರಿನವರೆಗೆ ಸೌದೆ! ಪಕ್ಕದ ಮನೆಯ ಟೈಲರ್ ಕಿಟಕಿಯಿಂದ ಬೈದ.

"ಹಗಲು ಮರ ಸಿಗಲ್ವೇನಯ್ಯಾ ನಿಂಗೆ? ರಾತ್ರಿ ಬಂದು ನನ್ನ ನಿದ್ದೆ ಕೊಯ್ತೀಯಲ್ಲ! ಒಬ್ಬನೇ ಇದ್ದು ಇದ್ದು ತಲೆ ಕೆಡ್ತಿದೆ ನಿಂಗೆ. ಅಕ್ಕನ ಮನೆಗಾದ್ರೂ ಹೋಗಿ ಬಾ."

"ಒಬ್ಬನೇ ಇಲ್ಲ ಬಿಡಿ" ಅಂದ ಇವನು, ಮೆಲ್ಲಗೆ.

ಆದರೆ ಮನುಷ್ಯನ ಆಸೆಗೆ ಕೊನೆ ಎಲ್ಲಿದೆ? ಕೈ ಸಿಕ್ಕಿತು, ಇನ್ನು ಮುಖ ನೋಡಬೇಕು ಅನ್ನಿಸಿತು. ಮೆಷಿನ್ ನಿಲ್ಲಿಸಿದರೆ ಭಾವ ಇಲ್ಲ. ಓಡುತ್ತಿರುವಾಗ ತಿರುಗಿದರೆ ತನ್ನ ಕಾಲು ಇಲ್ಲ. ಒಂದು ರಾತ್ರಿ ನಿರ್ಧಾರ ಮಾಡಿಬಿಟ್ಟ. ಹೋದರೆ ಹೋಗಲಿ, ಒಂದು ಸಲ ನೋಡುತ್ತೇನೆ. ಚೈನು ಪೂರ್ತಿ ವೇಗದಲ್ಲಿತ್ತು. ಕುತ್ತಿಗೆ ನಿಧಾನವಾಗಿ ತಿರುಗಿಸತೊಡಗಿದ...

ತಪ್. ತಪ್.

ಎರಡು ಸಲ. ಅದರ ಹಿಂದೆಯೇ ಒಂದು ನೂಕು, ಹಿತ್ತಲ ಬಾಗಿಲಿನ ಕಡೆಗೆ.

ಮನಸ್ಸು ಬೇಡ ಅಂದರೂ ಮೈ ಕೇಳಬೇಕಲ್ಲ? ಇಷ್ಟು ವರ್ಷದ ಅಭ್ಯಾಸ. ಮೆಷಿನ್ ಕೈಬಿಟ್ಟು ಓಡಿದ. ಹಿಂದೆ ನೆಲದ ಮೇಲೆ ಅದು ಗುಡು ಗುಡು ಅನ್ನುತ್ತಲೇ ಇತ್ತು. ಸೂರು ಬೀಳುತ್ತದೆ ಅಂದುಕೊಂಡ, ಬೀಳಲಿಲ್ಲ. ಆದರೂ ಕಾಲು ನಿಲ್ಲಲಿಲ್ಲ. ಹಿತ್ತಲ ದಾರಿ ಬಾವಿಯ ಕಡೆಗೆ ಹೋಗುತ್ತದೆ. ಬಾವಿ ದಾಟಿದಾಗ ಮೆಷಿನ್ನಿನ ಸದ್ದು ಥಟ್ಟನೆ ನಿಂತಿತು. ಪೆಟ್ರೋಲ್ ಮುಗಿಯಿತು ಅಂದುಕೊಂಡ. ಮುಂದೆ ಇದ್ದದ್ದು ಒಂದೇ ಮನೆ, ಅಕ್ಕನದು.

ದೀಪವಿರಲಿಲ್ಲ. "ಅಕ್ಕಾ..." ಅಂತ ಕೂಗಿದ. ಕಿವಿಯನ್ನು ಬಾಗಿಲಿಗೆ ಇಟ್ಟ. ಒಳಗೆ ಎಲ್ಲೋ, ಚೊಂಬು ನೆಲಕ್ಕೆ ತಾಗುವ ಸದ್ದು. ಟಣ್... ಬಹಳ ಹೊತ್ತಿನ ಮೇಲೆ ಇನ್ನೊಂದು. ಟಣ್...

ಬಾಗಿಲು ಒದ್ದು ಮುರಿದ. ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು, ತೊಡೆಯ ಮೂಳೆ ಮುರಿದಿತ್ತು. ಒದ್ದೆ ನೆಲದ ಮೇಲೆ ಮೈಯೆಲ್ಲ ತಣ್ಣಗಾಗಿ ಮಲಗಿದ್ದಳು. ದನಿ ಉಡುಗಿಹೋಗಿತ್ತು.

"ಎಷ್ಟು ಕೂಗ್ದೆ ಗೊತ್ತೇನೋ... ಯಾರಿಗೂ ಕೇಳಿಸ್ಲಿಲ್ಲ."

"ನಂಗೂ ಕೇಳಿಸ್ಲಿಲ್ಲ ಅಕ್ಕಾ."

"ಮತ್ತೆ... ಹೇಗೆ ಬಂದೆ?"

ಅವನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಬೆಳಗಿನವರೆಗೆ ಹಾಗೇ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಅಂದರು ಆಸ್ಪತ್ರೆಯ ಡಾಕ್ಟರು.

ಈಗ ಅಕ್ಕ ಅವನ ಮನೆಯಲ್ಲೇ ಇದ್ದಾಳೆ. ಕೋಲು ಹಿಡಿದು ಓಡಾಡುತ್ತಾಳೆ, ಅವನ ಗೊರಕೆಗೆ ಬೈಯುತ್ತಾಳೆ. ಅವನು ಆಮೇಲೆ ಒಂದೇ ಒಂದು ಸಲ ಮೆಷಿನ್ ಶುರು ಮಾಡಿ, ಭುಜ ಕೊಟ್ಟು, ಟ್ಯಾಂಕು ಖಾಲಿಯಾಗುವ ತನಕ ನಿಂತಿದ್ದ. ಏನೂ ಬರಲಿಲ್ಲವಂತೆ. "ಹೋಗಿಬಿಟ್ರು ಕಣೋ" ಅಂದ ನನ್ನ ಹತ್ತಿರ. ಆ ಮುಖ ನನಗೆ ನೋಡಲಾಗಲಿಲ್ಲ.

ಇಷ್ಟನ್ನೂ ಒಂಟಿತನದ ಭ್ರಮೆ ಅನ್ನಿ, ನನಗೇನೂ ಬೇಸರವಿಲ್ಲ. ಆದರೆ ಮಾರನೇ ಬೆಳಿಗ್ಗೆ ಅವನು ಆಸ್ಪತ್ರೆಯಲ್ಲಿದ್ದಾಗ ಅವನ ಮನೆಗೆ ಬೀಗ ಹಾಕಲು ಹೋದವನು ನಾನು. ಯಾರೂ ಬಂದಿಲ್ಲ ಅಂತ ಟೈಲರ್ ಹೇಳಿದ. ಮೆಷಿನ್ ನೆಲದ ಮೇಲಿರಲಿಲ್ಲ, ಮೇಜಿನ ಮೇಲಿತ್ತು. ಸ್ವಿಚ್ ಆಫ್ ಆಗಿತ್ತು. ಟ್ಯಾಂಕಿನಲ್ಲಿ ಇನ್ನೂ ಪೆಟ್ರೋಲ್ ಇತ್ತು. ನೆಲದ ಮೇಲಿನ ಮರದ ಪುಡಿಯನ್ನೆಲ್ಲ ಯಾರೋ ನೀಟಾಗಿ ಗುಡಿಸಿ ಮೂಲೆಗೆ ಒತ್ತಿದ್ದರು.

ಸುಳ್ಳಲ್ಲ... ಆ ಪುಡಿಯನ್ನು ಚೀಲಕ್ಕೆ ತುಂಬಿದ್ದು ನಾನೇ.